ನೆರಳು ಮುಟ್ಟುವ ಕಲ್ಲು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಗಾವಡಗೆರೆ ಕಡೆಯ ಒಂದು ಕೊಟ್ಟಿಗೆಯಲ್ಲಿ, ಎಮ್ಮೆಯೊಂದಕ್ಕೆ ಔಷಧಿ ಕುಡಿಸುತ್ತಿದ್ದಾಗ. ಫೋನು ಬಂದದ್ದು ನನಗಲ್ಲ, ಎಮ್ಮೆಯ ಯಜಮಾನನಿಗೆ. ಆತ ಕೇಳಿಸಿಕೊಂಡು, ಫೋನನ್ನು ಜೇಬಿಗೆ ಹಾಕಿ, ನಾನು ಕುಡಿಸಿ ಮುಗಿಸುವವರೆಗೂ ಸುಮ್ಮನೆ ಎಮ್ಮೆಯ ಮೂಗುದಾರ ಹಿಡಿದು ನಿಂತಿದ್ದ. ಆಮೇಲೆ ಹೇಳಿದ: "ಮೇಡಂ, ಕಲ್ಲಿಡೋ ಡಾಕ್ಟ್ರು ಓಗ್ಬುಟ್ರಂತೆ."

ಹುಣಸೂರು, ಪಿರಿಯಾಪಟ್ಟಣದ ಸುತ್ತ ದನ ಕಟ್ಟಿದ ಮನೆಗಳಲ್ಲಿ ಅವರಿಗೆ ಅದೇ ಹೆಸರು. ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾಲ್ಕು ಜನರೆದುರು ಯಾರಾದರೂ ಅವರ ಬಗ್ಗೆ ಮಾತು ತೆಗೆದರೆ ಅವರು ಎದ್ದು ಕೈ ತೊಳೆಯಲು ಹೋಗುತ್ತಿದ್ದರು. ಕೈ ಕೊಳೆಯಾಗಿದ್ದರೂ ಸರಿ, ಇಲ್ಲದಿದ್ದರೂ ಸರಿ. ಹೆಸರು ಬರೆದರೆ ಈಗಲೂ ಎಲ್ಲೋ ಎದ್ದು ಹೋದಾರು ಅನ್ನಿಸುತ್ತದೆ.

ಅವರು ಪಶುವೈದ್ಯರು. ಪದವಿ ಮುಗಿಸಿ ಬಂದ ನನಗೆ ಮೊದಲ ಕೆಲಸ ಸಿಕ್ಕಿದ್ದು ಅವರ ಕೈಕೆಳಗೆ. ಕುಳ್ಳಗೆ, ದುಂಡಗೆ ಇದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮೈಯಿಂದ ಸದಾ ಕಾರ್ಬಾಲಿಕ್ ಸೋಪಿನ ವಾಸನೆ. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದರು. ಕೆಲಸಕ್ಕೆ ನಿಂತಾಗ ತೋಳನ್ನು ಭುಜದವರೆಗೆ ಮಡಚುವರು. ಮುಗಿದ ಮೇಲೂ ಹಾಗೆಯೇ ಬಿಟ್ಟುಕೊಂಡು ಮನೆಯವರು ಕೊಟ್ಟ ಕಾಫಿ ಕುಡಿಯುವರು. ಕೆಟ್ಟ ಸುದ್ದಿ ಹೇಳಬೇಕಾದಾಗ ಮಾತ್ರ, ಹೇಳುವ ಮೊದಲು, ತೋಳನ್ನು ಇಳಿಸಿ ಮಣಿಕಟ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಇದು ಹಳ್ಳಿಗಳಿಗೆ ಗೊತ್ತಿತ್ತು. ಅವರು ಗುಂಡಿಗೆ ಕೈ ಹಾಕಿದರೆ ಹೆಂಗಸರು ಸೆರಗನ್ನು ಬಾಯಿಗೆ ಹಿಡಿಯುತ್ತಿದ್ದರು.

ಕಾಲೇಜಿನಲ್ಲಿ ನನಗೆ ರೋಗಗಳನ್ನು ಕಲಿಸಿದ್ದರು, ಔಷಧಿಗಳನ್ನು ಕಲಿಸಿದ್ದರು. ನೋವಿನಲ್ಲಿರುವ ಪ್ರಾಣಿಯ ಮುಂದೆ ನಿಂತು ಇದೋ ಅದೋ ಎಂದು ತೀರ್ಮಾನ ಮಾಡುವುದನ್ನು ಯಾರೂ ಕಲಿಸಿರಲಿಲ್ಲ. ಅದು ಕಲಿಸಬಹುದಾದ ವಿಷಯ ಎಂದೇ ನನಗೆ ಗೊತ್ತಿರಲಿಲ್ಲ. ಕೆಲವರಿಗೆ ಧೈರ್ಯ ಇರುತ್ತದೆ, ಕೆಲವರಿಗೆ ಇರುವುದಿಲ್ಲ, ನಾನು ಎರಡನೆಯ ಗುಂಪು ಎಂದುಕೊಂಡಿದ್ದೆ.

ಅವರ ಜೊತೆ ಹೋದ ಮೊದಲ ಕಷ್ಟದ ಹೆರಿಗೆ ನನಗೆ ಚೆನ್ನಾಗಿ ನೆನಪಿದೆ. ಹೊಗೆಸೊಪ್ಪು ಬೇಯಿಸುವ ಕಾಲ. ಮನೆಯ ಹಿಂದೆ ಸೊಪ್ಪು ಒಣಗಿಸುವ ಬ್ಯಾರನ್ ಉರಿಯುತ್ತಿತ್ತು, ಯಜಮಾನ ಒಂದು ಕಣ್ಣು ಬೆಂಕಿಯ ಮೇಲೆ, ಒಂದು ಕಣ್ಣು ಕೊಟ್ಟಿಗೆಯ ಮೇಲೆ ಇಟ್ಟು ಓಡಾಡುತ್ತಿದ್ದ. ಹಸುವಿನಿಂದ ಕರುವಿನ ಎರಡು ಮುಂಗಾಲು ಮಾತ್ರ ಹೊರಗೆ ಬಂದಿದ್ದವು. ತಲೆ ಒಳಗೆ ಹಿಂದಕ್ಕೆ ತಿರುಗಿಕೊಂಡಿತ್ತು. ಕೊಟ್ಟಿಗೆಯ ತುಂಬ ಜನ.

"ಅಗ್ಗ ಕಟ್ಟಿ ಎಳೀರಿ ಸಾ, ಬತ್ತದೆ."

"ಎಳುದ್ರೆ ಅಸೂನೇ ಓಯ್ತದೆ ಕಣ್ಲಾ, ಸುಮ್ಕಿರು. ಬಿಸ್ನೀರ್ ಉಯ್ಬೇಕು."

"ಒಸಿ ಎಣ್ಣೆ ಕುಡ್ಸಿ ಸಾಮಿ, ನಮ್ಮಪ್ಪನ ಕಾಲ್ದಾಗೆ ಅದೇ ಮಾಡ್ತಿದ್ದುದ್ದು," ಎಂದಳು ಒಬ್ಬಳು ಅಜ್ಜಿ.

ಅವರು ಎಲ್ಲರ ಮಾತನ್ನೂ ಗಮನವಿಟ್ಟು ಕೇಳಿದರು. ಹಗ್ಗ ಎಂದವನಿಗೆ, "ನೀವು ಹೇಳಿದ್ದು ಸರಿ. ಹೋಗಿ ಹಗ್ಗ ತಂದು ತೊಳೀರಿ" ಎಂದರು. ಬಿಸಿನೀರು ಎಂದವನನ್ನು ಒಲೆಯ ಹತ್ತಿರ ಕಳಿಸಿದರು. "ಅಜ್ಜೀ, ಒಂದು ತಂಬಿಗೆ ಎಣ್ಣೆ ತಂದ್ಕೊಡಿ. ಹಸುಗಲ್ಲ, ನನ್ನ ಕೈಗೆ ಬೇಕು" ಎಂದರು. ಅಜ್ಜಿ ನನ್ನ ಕಡೆ ಗೆದ್ದವಳಂತೆ ನೋಡಿ ಒಳಗೆ ಹೋದಳು. ಅಭಿಪ್ರಾಯ ಹೇಳಿದವರೆಲ್ಲ ಒಂದೊಂದು ಕೆಲಸ ಹಿಡಿದು ಹೊರಟರು. ಕೊಟ್ಟಿಗೆಯಲ್ಲಿ ಗಾಳಿ ಆಡಿತು.

"ಸುಮ್ನಿರಿ ಅಂದ್ರೆ ಯಾರೂ ಸುಮ್ನಿರಲ್ಲಮ್ಮ," ಎಂದು ವಾಪಸು ಬರುವಾಗ ಹೇಳಿದರು. "ಅಭಿಪ್ರಾಯ ಹೇಳ್ದೋರಿಗೆಲ್ಲ ಒಂದು ಕೆಲಸ ಕೊಟ್ಬಿಡು. ಅವರಿಗೂ ಸಮಾಧಾನ, ನಿನಗೂ ಯೋಚನೆ ಮಾಡೋಕೆ ಜಾಗ."

ಕಲ್ಲನ್ನು ನೋಡಿದ್ದೂ ಆವತ್ತೇ. ತೋಳು ಮಡಚಿದ ಮೇಲೆ, ಹಸುವನ್ನು ಮುಟ್ಟುವ ಮೊದಲು, ಅವರು ಅಂಗಳಕ್ಕೆ ಹೋದರು. ಸೂರಿನ ನೆರಳು ನೆಲದ ಮೇಲೆ ಎಲ್ಲಿಯವರೆಗೆ ಬಿದ್ದಿದೆ ಎಂದು ನೋಡಿದರು. ಗೋಡೆಯ ಬುಡದಲ್ಲಿದ್ದ ಒಂದು ಹಿಡಿಗಾತ್ರದ ಕಲ್ಲನ್ನು ಎತ್ತಿ, ನೆರಳಿನ ಅಂಚಿನಿಂದ ಸ್ವಲ್ಪ ಆಚೆಗೆ, ಬಿಸಿಲಿನಲ್ಲಿ ಇಟ್ಟರು. ಯಜಮಾನನನ್ನು ಕರೆದರು.

"ಈಗ ಕರು ತಲೆ ತಿರುಗಿಸೋಕೆ ನೋಡ್ತೀನಿ. ನೆರಳು ಈ ಕಲ್ಲು ಮುಟ್ಟೋದ್ರೊಳಗೆ ಆಗ್ಲಿಲ್ಲ ಅಂದ್ರೆ ಅದನ್ನ ಬಿಟ್ಟು ಹೊಟ್ಟೆ ಕುಯ್ದು ತೆಗೀತೀನಿ. ಎರಡೂ ಉಳಿಬೋದು, ಎರಡೂ ಹೋಗ್ಬೋದು. ಒಪ್ಪಿಗೆನಾ?"

"ನೀವ್ ಎಂಗೇಳ್ತೀರೋ ಅಂಗೆ ಸಾ."

"ಹಂಗಲ್ಲ. ನಾನು ಒಳಗೆ ಬಗ್ಗಿರ್ತೀನಿ, ನನಗೆ ಕಾಣಲ್ಲ. ನೀವು ಇಲ್ಲಿ ನಿಂತು ನೋಡ್ತಿರಬೇಕು. ಮುಟ್ಟಿದ ತಕ್ಷಣ ಕೂಗಬೇಕು. ಆಗ ನಾನು 'ಇನ್ನೊಂದು ಚೂರು, ಇನ್ನೊಂದು ಚೂರು' ಅಂತೀನಿ. ನನ್ನ ಮಾತು ಕೇಳಬೇಡಿ."

ನೆರಳು ಕಲ್ಲಿನ ಹತ್ತಿರ ಬರುವಷ್ಟರಲ್ಲಿ ಕರುವಿನ ತಲೆ ಸಿಕ್ಕಿತು. ಕರು ಬದುಕಿತು. ಎಲ್ಲರೂ ಕರುವನ್ನು ನೋಡುತ್ತಿದ್ದಾಗ ಅವರು ಅಂಗಳಕ್ಕೆ ಹೋಗಿ ಕಲ್ಲನ್ನು ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟರು. ಪ್ರತಿ ಮನೆಯಲ್ಲೂ ಹಾಗೆ ಮಾಡುತ್ತಿದ್ದರು. ಅವರು ಜೊತೆಗೆ ಒಯ್ಯುವ ಕಲ್ಲು ಯಾವುದೂ ಇರಲಿಲ್ಲ.

ಗಡಿಯಾರ ಇದೆಯಲ್ಲ ಸರ್, ನೆರಳು ಯಾಕೆ ಎಂದು ಕೇಳಿದ್ದೆ.

"ವಾಚು ನನ್ನದು. ನೆರಳು ಎಲ್ಲರದ್ದು," ಎಂದರು. ಸ್ವಲ್ಪ ದೂರ ಹೋದ ಮೇಲೆ ಅವರೇ ಮುಂದುವರಿಸಿದರು. "ತೀರ್ಮಾನ ಏನಿದ್ರೂ ಕೈ ಒಣಗಿರೋವಾಗಲೇ ಮಾಡ್ಬೇಕಮ್ಮ. ಕೈ ಒಳಗೆ ಹೋದ್ಮೇಲೆ ಬುದ್ಧಿಯೂ ಒಳಗೇ ಹೋಗುತ್ತೆ. ಇಷ್ಟು ಹೊತ್ತು ಹೆಣಗಾಡಿದೀನಿ, ಇನ್ನೊಂದು ಚೂರು ಅನ್ಸುತ್ತೆ. ನಾನು ಕಳ್ಕೊಂಡಿರೋ ದನಗಳೆಲ್ಲ ಆ ಇನ್ನೊಂದು ಚೂರಲ್ಲೇ ಹೋಗಿರೋದು."

ಮೋಡ ಮುಚ್ಚಿದ ದಿನ ಏನು ಮಾಡುತ್ತಿದ್ದರು ಎಂದು ಈಚೆಗೆ ಯಾರೋ ಕೇಳಿದರು. ಆಗ ಒಲೆಯ ಮೇಲಿನ ಹಂಡೆ. ನೀರು ಕುದಿಯಿತೆಂದರೆ ನೆರಳು ಮುಟ್ಟಿದಂತೆ. ಮನೆಯ ಹೆಂಗಸರು ಒಳಗಿನಿಂದ ಕೂಗುವರು.

ಕೆ.ಆರ್. ನಗರ ಕಡೆಯ ಗದ್ದೆಯೂರೊಂದಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋಗಿದ್ದೆವು. ಲಸಿಕೆಯ ಪೆಟ್ಟಿಗೆಯಲ್ಲಿ ಐಸಿನ ಜೊತೆ ಅವರದೊಂದು ಪುಟ್ಟ ಸೀಸೆ ಇರುತ್ತಿತ್ತು: ನೀರು ತುಂಬಿ ಹೆಪ್ಪುಗಟ್ಟಿಸಿ, ಐಸಿನ ಮೇಲೆ ಒಂದು ಹುಣಸೆಬೀಜ ಕೂರಿಸಿದ ಸೀಸೆ. ಬೀಜ ಮುಳುಗಿದ್ದರೆ ದಾರಿಯಲ್ಲಿ ಎಲ್ಲೋ ಐಸು ಕರಗಿದೆ, ಲಸಿಕೆ ಕೆಟ್ಟಿರಬಹುದು, ಹಾಕುವುದಿಲ್ಲ. ಇದು ಅವರು ಹಿಂದಿನ ದಿನವೇ ಎಲ್ಲರಿಗೂ ಹೇಳಿಟ್ಟ ಮಾತು. ಆವತ್ತು ಪೆಟ್ಟಿಗೆ ತೆರೆದರೆ ಬೀಜ ತಳದಲ್ಲಿತ್ತು. ದನ ಹೊಡೆದುಕೊಂಡು ಊರಿಗೆ ಊರೇ ಬಂದಿತ್ತು.

"ಏನ್ ಸಾ, ಉಣ್ಸೇಬೀಜ ಮುಳುಗ್ತು ಅಂತ ವಾಪಸ್ ಓಗ್ಬೇಕಾ ನಾವು?" ಎಂದು ಒಬ್ಬ ಕೂಗಿದ. ಮೇಲಿನವರಿಂದ ಫೋನು ಬಂತು. ಹಾಕಿ ಮುಗಿಸಿ, ಏನೂ ಆಗಲ್ಲ ಎನ್ನುವ ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. ಇವರು ಪೆಟ್ಟಿಗೆ ಮುಚ್ಚಿದರು. ಊರಿನವರಿಗೆ ಮತ್ತೆ ಬರುವ ದಿನ ಹೇಳಿ, ಬೈಗುಳ ಮುಗಿಯುವವರೆಗೂ ನಿಂತು ಕೇಳಿ, ಕಾರು ಹತ್ತಿದರು. "ನಿನ್ನೆ ನಾನು ಹೇಳಿದ್ದನ್ನ ಇವತ್ತು ನಾನೇ ಕೇಳ್ದಿದ್ರೆ, ನಾಳೆ ಇನ್ಯಾರು ಕೇಳ್ತಾರೆ?" ಎಂದಷ್ಟೇ ಹೇಳಿದರು.

ಎಲ್ಲ ಸಲವೂ ಒಳ್ಳೆಯದಾಗುತ್ತಿತ್ತು ಎಂದಲ್ಲ. ಪಿರಿಯಾಪಟ್ಟಣದ ಆಚೆ ಒಂದು ಮನೆಯಲ್ಲಿ ನೆರಳು ಕಲ್ಲು ಮುಟ್ಟಿತು, ಅವರು ಕೈ ತೆಗೆದರು, ಹೊಟ್ಟೆ ಕುಯ್ದರು, ಹಸು ಉಳಿಯಲಿಲ್ಲ. ತೋಳು ಇಳಿಸಿ ಗುಂಡಿ ಹಾಕಿಕೊಂಡು ಯಜಮಾನತಿಯ ಮುಂದೆ ನಿಂತರು. ಮಾರನೆಯ ದಿನ ಯಾರೂ ಕರೆಯದಿದ್ದರೂ ಆ ಮನೆಗೆ ಹೋಗಿ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಬಂದರು. ನನಗೆ ಅಳು ತಡೆಯಲಾಗಿರಲಿಲ್ಲ. "ಹಸುಗೆ ಅಳು, ಬೇಡ ಅನ್ನಲ್ಲ," ಎಂದರು. "ತೀರ್ಮಾನಕ್ಕೆ ಅಳಬೇಡ. ನಿನ್ನೆ ನಮಗೆ ಗೊತ್ತಿದ್ದಷ್ಟೇ ಇವತ್ತೂ ಗೊತ್ತಿದ್ರೆ, ಇವತ್ತೂ ಅದನ್ನೇ ಮಾಡ್ತೀನಿ."

ಇದಕ್ಕೆ ತದ್ವಿರುದ್ಧವಾದ ದಿನವೂ ಒಂದಿತ್ತು. ನಾನೊಬ್ಬಳೇ ಹೋಗಿ, ಎಲ್ಲ ಹೊತ್ತು ಮೀರಿದ ಮೇಲೂ ಬಿಡದೆ ಎಳೆದಾಡಿ ಒಂದು ಕರುವನ್ನು ಜೀವಂತ ತೆಗೆದಿದ್ದೆ. ಊರಿನವರು ಹೊಗಳಿ ಎಳನೀರು ಕೊಟ್ಟು ಕಳಿಸಿದ್ದರು. ವಾಪಸು ಬಂದು ಅವರಿಗೆ ಹೇಳಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಕಲ್ಲು ಎಲ್ಲಿತ್ತಮ್ಮ?" ಇಟ್ಟಿರಲಿಲ್ಲ ಎಂದೆ. "ಹಂಗಾದ್ರೆ ಎಳನೀರು ಅದೃಷ್ಟದ್ದು," ಎಂದು ನಕ್ಕರು. ಆ ನಗುವಿನಲ್ಲಿ ಚುಚ್ಚು ಇರಲಿಲ್ಲ, ರಿಯಾಯಿತಿಯೂ ಇರಲಿಲ್ಲ.

ಅವರ ಬಲಗೈ ನಡುಗುತ್ತದೆ ಎಂಬುದನ್ನು ನನಗೆ ಹೇಳಿದವರು ಅವರೇ. ನಾನು ಗಮನಿಸಿರಲಿಲ್ಲ. ಆಸ್ಪತ್ರೆಯ ಅಂಗಳದ ಹೊಂಗೆಮರದ ಕೆಳಗೆ ಒಂದು ಕಲ್ಲುಬೆಂಚು ಇದೆ. ಮಧ್ಯಾಹ್ನ ದನಗಳು ಕಡಿಮೆಯಾದ ಹೊತ್ತಿನಲ್ಲಿ ನನ್ನನ್ನು ಕರೆದು ಕೂರಿಸಿ, ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟರು. ಹೆಬ್ಬೆರಳು ತನ್ನ ಪಾಡಿಗೆ ತಾನು ಅಲ್ಲಾಡುತ್ತಿತ್ತು.

"ಮೈಸೂರಲ್ಲಿ ತೋರಿಸ್ದೆ. ವಾಸಿ ಆಗೋದಲ್ಲ, ನಿಧಾನವಾಗಿ ಜಾಸ್ತಿ ಆಗೋದು ಅಂದ್ರು. ನಿವೃತ್ತಿಗೆ ಇನ್ನೂ ಹೊತ್ತಿದೆ. ಅಲ್ಲೀವರೆಗೂ ನಡೆಯುತ್ತೋ ಇಲ್ವೋ ಗೊತ್ತಿಲ್ಲ."

ಅವರು ಮಾತು ಬೇರೆ ಕಡೆ ತಿರುಗಿಸಿದಂತೆ ತಮ್ಮ ಮನೆಯ ಕಥೆ ತೆಗೆದರು. ಹುಣಸೂರಿನಲ್ಲಿ ಅವರದು ಮರಗೆಲಸದ ಮನೆತನ. ತಂದೆ ಗಾಡಿಚಕ್ರ ಮಾಡುತ್ತಿದ್ದರು. ಅಣ್ಣನ ಮಕ್ಕಳು ಈಗ ಬಾಗಿಲು ಕಿಟಕಿ ಮಾಡುತ್ತಾರೆ.

"ನಮ್ಮ ಅಬ್ಬಾನ ಶೆಡ್ಡಲ್ಲಿ ಒಂದು ಕಾನೂನು. ಮರಕ್ಕೆ ಗೀಟು ಹಾಕ್ದೋನು ಗರಗಸ ಮುಟ್ಟಂಗಿಲ್ಲ. ಅಣ್ಣ ಗೀಟು ಹಾಕಿದ್ರೆ ನಾನು ಕೊಯ್ಬೇಕು, ನಾನು ಹಾಕಿದ್ರೆ ಅಣ್ಣ. ಯಾಕೆ ಗೊತ್ತಾ? ಕೊಯ್ಯೋನೇ ಗೀಟು ಹಾಕಿದ್ರೆ, ಗರಗಸ ಆಚೆ ಹೋದಾಗ 'ನಾನು ಹಾಕಿದ್ದು ಇಲ್ಲೇ' ಅಂತ ಗೀಟನ್ನೇ ಆಚೆ ಸರಿಸ್ತಾನೆ." ಆಮೇಲೆ ನನ್ನನ್ನು ನೋಡಿದರು. "ಈ ಕೈಗೆ ನಾನೇ ಗೀಟು ಹಾಕೋಕಾಗಲ್ಲ. ನೀನು ಹಾಕು. ದಾಟಿದ ದಿನ ನೀನೇ ಹೇಳು."

"ನಾನು ನಿಮ್ಮ ಜೂನಿಯರ್, ಸರ್."

"ಗೊತ್ತು. ನನ್ನ ಓರಗೆಯೋರಿಗೆ ಹೇಳಿದ್ರೆ ಮುಲಾಜು ನೋಡ್ತಾರೆ."

"ನನಗೂ ಇದೆ."

"ಇರಲಿ. ನೀನು ಮಾತು ಕಮ್ಮಿ. ಕಮ್ಮಿ ಮಾತಾಡೋರು ಒಂದ್ಸಲ ಆಡಿದ್ರೆ ಕೇಳಿಸುತ್ತೆ."

ಕೊನೆಗೆ ನಾನು ಗೀಟು ಹಾಕಿದೆ: ಮಲಗಿರುವ, ಅಲ್ಲಾಡದ ದನ, ಅದರ ಕತ್ತಿನ ನರಕ್ಕೆ ಹಾಕುವ ಸೂಜಿ, ಎರಡು ಸಲ ತಪ್ಪಿದರೆ ಮೂರನೆಯ ಸಲ ಅವರು ಹಾಕಬಾರದು, ಆವತ್ತಿನಿಂದ ಸೂಜಿಯಾಗಲಿ ಕತ್ತಿಯಾಗಲಿ ಅವರು ಹಿಡಿಯಬಾರದು.

"ಎರಡು ಸಲಾನಾ?" ಎಂದರು. "ಧಾರಾಳವಾಗಿ ಹಾಕ್ದೆ. ಆಗಲಿ." ಎದ್ದು ಕೈ ತೊಳೆಯಲು ಹೋದರು.

ಅಲ್ಲಿಂದ ಮುಂದಿನ ತಿಂಗಳುಗಳು ನನಗೆ ಕಷ್ಟದವು. ಹೇಳಿದರೆ ಅವರ ಕೆಲಸ ಅವರ ಕೈಬಿಡುತ್ತದೆ. ಅದನ್ನು ಬಿಟ್ಟು ಅವರಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಂಡಿಲ್ಲ. ಹೇಳದಿದ್ದರೆ ಯಾರದೋ ಕೊಟ್ಟಿಗೆಯಲ್ಲಿ ಒಂದು ದನ ಹೋಗುತ್ತದೆ. ನಾನು ಒಂದು ಉಪಾಯ ಹೂಡಿದೆ. ದನ ಮಲಗಿದೆ ಎಂದು ಕರೆ ಬಂದಾಗಲೆಲ್ಲ ನಾನೇ ಮೊದಲು ಹೊರಡುತ್ತಿದ್ದೆ. ಜೊತೆಗಿದ್ದಾಗ, ಅವರು ಕೇಳುವ ಮೊದಲೇ ಸೂಜಿ ಹಾಕಿ ಮುಗಿಸುತ್ತಿದ್ದೆ. ಕಷ್ಟದ ನರ ನನ್ನದು, ಸುಲಭದ್ದು ಅವರದು. ಹೀಗೆ ನಿವೃತ್ತಿಯ ದಿನ ಮುಟ್ಟಿಬಿಟ್ಟರೆ ನಾನು ಬಾಯಿ ತೆರೆಯಬೇಕಾಗಿಯೇ ಇಲ್ಲ ಎಂದು ಲೆಕ್ಕ ಹಾಕಿದ್ದೆ.

ಒಂದು ಬೆಳಿಗ್ಗೆ ನಾನು ಬ್ಯಾಗು ಎತ್ತಿಕೊಂಡು ಹೊರಟಾಗ ಬಾಗಿಲಲ್ಲಿ ನಿಂತಿದ್ದರು.

"ನೆರಳು ಬರ್ತಾ ಇದೆ ಅಂತ ಕಲ್ಲನ್ನ ಮುಂದಕ್ಕೆ ಸರಿಸ್ತಾ ಇದೀಯ," ಎಂದರು. ದನಿ ಎತ್ತರಿಸಲಿಲ್ಲ. "ಬ್ಯಾಗು ಕೊಡು."

ಕೊಟ್ಟೆ.

ಆ ದಿನ ಬಂದದ್ದು ಎಚ್.ಡಿ. ಕೋಟೆ ಕಡೆ, ಹಂಪಾಪುರದ ಹತ್ತಿರದ ಒಂದು ಮನೆಯಲ್ಲಿ. ಅಲ್ಲಿಯ ವೈದ್ಯರು ರಜೆಯಲ್ಲಿದ್ದರು, ನಮ್ಮನ್ನು ಕಳಿಸಿದ್ದರು. ಮನೆಯೊಡತಿ ಜಯಮ್ಮ, ನಡುವಯಸ್ಸಿನ ಗಟ್ಟಿ ಹೆಂಗಸು. ಹಿಂದಿನ ದಿನ ಕರು ಹಾಕಿದ್ದ ಹಸು ಬೆಳಗಾಗುವುದರೊಳಗೆ ನೆಲ ಹಿಡಿದಿತ್ತು. ಕತ್ತನ್ನು ಪಕ್ಕೆಗೆ ಮಡಚಿಕೊಂಡಿತ್ತು, ಕಿವಿ ತಣ್ಣಗಿದ್ದವು, ಕಣ್ಣಿನಲ್ಲಿ ಬೆಳಕಿರಲಿಲ್ಲ. ಹಾಲುಜ್ವರ. ಕತ್ತಿನ ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ನೋಡನೋಡುತ್ತ ಎದ್ದು ನಿಲ್ಲುವ ರೋಗ; ಕೊಡುವುದು ತಡವಾದರೆ ಏಳದ ರೋಗ. ಸೂಜಿ ನರದಿಂದ ಹೊರಗಿದ್ದರೆ ಕತ್ತಿನ ಮಾಂಸವೇ ಕೊಳೆಯುತ್ತದೆ. ಬೇಗ ಬೇಗ ಬಿಟ್ಟರೆ ಎದೆ ನಿಲ್ಲುತ್ತದೆ.

ಅವರು ಮಂಡಿಯೂರಿ ಕೂತು, ಹೆಬ್ಬೆರಳಿನಿಂದ ನರ ಒತ್ತಿ ಹಿಡಿದು, ಸೂಜಿ ಹಾಕಿದರು. ರಕ್ತ ಬರಲಿಲ್ಲ. ತೆಗೆದರು. ಉಸಿರು ಬಿಗಿಹಿಡಿದು ಮತ್ತೆ ಹಾಕಿದರು. ಬರಲಿಲ್ಲ. ಸೂಜಿಯನ್ನು ಹೊರಗೆ ತೆಗೆದು, ತುದಿ ಒರೆಸಿ, ಮತ್ತೆ ಕತ್ತಿನ ಹತ್ತಿರ ಒಯ್ದರು.

"ಸರ್," ಎಂದೆ.

ಅವರು ತಿರುಗಲಿಲ್ಲ.

"ಸರ್, ಎರಡಾಯಿತು."

"ಇದು ಬೇರೆ," ಎಂದರು. "ದನ ಅಲ್ಲಾಡ್ತು."

"ದನ ಅಲ್ಲಾಡಲಿಲ್ಲ, ಸರ್."

"ನಿನ್ನೆ ಮೊನ್ನೆ ಸೂಜಿ ಹಿಡಿದೋಳು ನೀನು. ನನಗೆ ಹೇಳ್ಬೇಡ. ಇನ್ನೊಂದ್ಸಲ."

ಅವರು ನನ್ನೊಂದಿಗೆ ಆ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ. ಅಂಗೈ ಚಾಚಿ ಅವರ ಪಕ್ಕದಲ್ಲಿ ಕೂತೆ. ಹಸುವಿನ ತಲೆ ಹಿಡಿದಿದ್ದ ಜಯಮ್ಮ ಇಬ್ಬರನ್ನೂ ನೋಡಿ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದಳು: "ಎಲ್ ಅಲ್ಲಾಡ್ತದೆ ಸಾ, ಉಸ್ರೇ ಇಲ್ದಂಗೆ ಬಿದ್ದದೆ. ಯಾರಾರ ಒಬ್ರು ಬೇಗ ಆಕಿ, ನಿಮ್ ಕಾಲಿಗ್ ಬೀಳ್ತೀನಿ."

ಸೂಜಿ ನನ್ನ ಅಂಗೈಗೆ ಬಂತು. ಅವರು ಹಿಂದಕ್ಕೆ ಸರಿದರು. ನಾನು ನರ ಒತ್ತಿ ಹಿಡಿದು ಸೂಜಿ ಹಾಕಿದೆ. ರಕ್ತ ಬಂತು. ಕೊಳವೆ ಸಿಕ್ಕಿಸಿ ತಲೆ ಎತ್ತಿದಾಗ ಅವರು ತೋಳು ಇಳಿಸುತ್ತಿದ್ದರು. ಗುಂಡಿ ಹಾಕಲು ನೋಡಿದರು. ಬೆರಳುಗಳಿಗೆ ಗುಂಡಿ ಸಿಗಲಿಲ್ಲ. ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಸು ಹೋಯಿತು ಎಂದು ತಿಳಿದಳೋ ಏನೋ. ನಾನು ನೆರವಿಗೆ ಹೋಗಲಿಲ್ಲ. ಅವರು ಗುಂಡಿಯನ್ನು ಹಾಗೇ ಬಿಟ್ಟರು.

"ನನಗೊಂದು ಕೆಲಸ ಹೇಳಮ್ಮ," ಎಂದರು.

ಎಷ್ಟೋ ಕೊಟ್ಟಿಗೆಗಳಲ್ಲಿ ಅವರು ಜನರಿಗೆ ಕೆಲಸ ಹಂಚಿದ್ದನ್ನು ನೋಡಿದ್ದೇನೆ. ನಾನು ಯೋಚಿಸಿ ಹೇಳಿದೆ: "ಎದೆಬಡಿತ ಕೇಳಿ, ಸರ್. ನಾನು ಎಷ್ಟು ಬೇಗ ಬಿಡಬೇಕು, ಎಲ್ಲಿ ನಿಲ್ಲಿಸಬೇಕು, ನೀವು ಹೇಳಿ."

ಅವರು ಹಸುವಿನ ಪಕ್ಕೆಗೆ ಒರಗಿ ಕೂತು ಸ್ಟೆತೊಸ್ಕೋಪು ಇಟ್ಟು ಕಣ್ಣು ಮುಚ್ಚಿದರು. "ಬಿಡು. ನಿಧಾನ. ಇನ್ನೂ ನಿಧಾನ. ನಿಲ್ಸು. ತಪ್ತಾ ಇದೆ. ಇರು. ಈಗ ಬಿಡು." ಹಸುವಿನ ಎದೆ ಅವರ ಕಿವಿಯಲ್ಲಿತ್ತು, ಅವರ ಮಾತು ನನ್ನ ಕೈಯಲ್ಲಿತ್ತು. ಬಾಟಲಿ ಮುಗಿಯುತ್ತ ಬಂದಾಗ ಹಸುವಿನ ಭುಜದ ಚರ್ಮ ಅದುರಿತು, ಆಮೇಲೆ ಮೈಯೆಲ್ಲ ನಡುಗತೊಡಗಿತು. ಜಯಮ್ಮ ಹೆದರಿ ಚೀರಿದಳು.

"ಹೆದ್ರಬೇಡಿ ತಾಯಿ," ಎಂದರು ಅವರು ಕಣ್ಣು ತೆರೆಯದೆ. "ನಡುಕ ಬಂತು. ಒಳ್ಳೇದು."

ಹಸು ತೇಗಿತು. ಸಗಣಿ ಹಾಕಿತು. ಹಿಂಗಾಲು ಊರಿ ಎದ್ದು ನಿಂತು, ಏನೂ ಆಗದಂತೆ ಕರುವಿಗಾಗಿ ಕೂಗಿತು.

ವಾಪಸು ಬರುವಾಗ ಕಾರು ನಾನು ಓಡಿಸಿದೆ. ಹುಣಸೂರಿನಲ್ಲಿ ತಮ್ಮ ಮನೆಯ ಮುಂದೆ ಇಳಿದು, ಬಾಗಿಲು ಹಾಕುವ ಮೊದಲು ಬಗ್ಗಿ ಹೇಳಿದರು: "ಸಿಟ್ಟು ಬಂತಮ್ಮ. ಇನ್ನೂ ಇದೆ. ನೀನು ಹೇಳಿದ್ದು ಸರಿ. ಸಿಟ್ಟು ಇಳಿಯೋಕೆ ದಿನ ಬೇಕು, ಅಷ್ಟೇ."

ಎಷ್ಟು ದಿನ ಬೇಕಾಯಿತೋ ಗೊತ್ತಿಲ್ಲ, ನಾನು ಕೇಳಲಿಲ್ಲ. ಆಮೇಲೆ ಅವರು ಸೂಜಿ ಹಿಡಿಯಲಿಲ್ಲ. ನಿವೃತ್ತಿಯವರೆಗೂ ಪ್ರತಿ ಕೊಟ್ಟಿಗೆಗೂ ನನ್ನ ಜೊತೆ ಬಂದರು. ಎದೆ ಕೇಳಿದರು, ಬಾಲ ಹಿಡಿದರು, ನೀರು ಹೊತ್ತರು. ಕಲ್ಲನ್ನು ಅವರೇ ಆರಿಸಿ ತಂದು ನನ್ನ ಕೈಗೆ ಕೊಡುತ್ತಿದ್ದರು. ಎಲ್ಲಿ ಇಡಬೇಕೆಂದು ಹೇಳುತ್ತಿರಲಿಲ್ಲ.

ಅವರು ತೀರಿಕೊಂಡದ್ದು ಕೈಯ ಕಾಯಿಲೆಯಿಂದಲ್ಲ, ಜ್ವರ ಬಂದು. ಹುಣಸೂರಿನ ಆ ಮನೆಗೆ ಹೋದಾಗ ಒಳಕೋಣೆಯಲ್ಲಿ ಹೆಂಗಸರ ಜೊತೆ ಅವರ ಹೆಂಡತಿ ಕೂತಿದ್ದರು. ಹೊರಗೆ ಎಲ್ಲ ಊರಿನ ರೈತರೂ ಇದ್ದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಊಟ ಮಾಡ್ಕೊಂಡು ಹೋಗಮ್ಮ" ಎಂದರು. ಪಕ್ಕದ ಶೆಡ್ಡಿನಲ್ಲಿ ಆ ದಿನ ಗರಗಸ ನಿಂತಿತ್ತು.

ಆ ವಾರವೇ ಕಂಪಲಾಪುರದ ಹತ್ತಿರದಿಂದ ಕರೆ ಬಂತು. ಹೆರಿಗೆ ಕಷ್ಟವಾದ ಹಸು. ಜನರಿದ್ದರು; ಒಬ್ಬೊಬ್ಬರಿಗೂ ಕೆಲಸ ಕೊಟ್ಟೆ. ಅಂಗಳದಲ್ಲಿ ಕಲ್ಲು ಹುಡುಕಿ ನಾನೇ ತಂದು ಬಿಸಿಲಿನಲ್ಲಿ ಇಟ್ಟೆ. ಯಜಮಾನನಿಗೆ ಹೇಳಬೇಕಾದ್ದನ್ನು ಹೇಳಿದೆ. ಆತ ತಲೆ ಆಡಿಸಿದ, ಆದರೆ ಓದಿದ ಡಾಕ್ಟರಿಗೆ ತಾನು ಕೂಗುವುದೇ ಎಂಬ ಸಂಕೋಚ ಅವನ ಮುಖದಲ್ಲಿ ಕಂಡಿತು.

ಬಹಳ ಹೊತ್ತಾಯಿತು. ಕರುವಿನ ಕಿವಿ ಬೆರಳಿಗೆ ಸಿಗುತ್ತಿತ್ತು, ಜಾರುತ್ತಿತ್ತು. ಮತ್ತೆ ಸಿಗುತ್ತಿತ್ತು. ನನ್ನ ಕೆನ್ನೆ ಹಸುವಿನ ತೊಡೆಗೆ ಒತ್ತಿತ್ತು. ಕಣ್ಣೆದುರು ಬರೀ ಗೋಡೆ. ಹೊರಗಿನಿಂದ ಅಳುಕುತ್ತ ಒಂದು ದನಿ ಬಂತು.

"ಮೇಡಂ, ನೆಳ್ಳು ಕಲ್ಲಿಗ್ ಬಂತು."

ಕಿವಿ ಬೆರಳಿನಲ್ಲೇ ಇತ್ತು. ಇನ್ನೊಂದು ಚೂರು ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತು. ಆ ಬಡ ಯಜಮಾನನ ಮೇಲೆ ನನಗೆ ಬಂದ ಸಿಟ್ಟನ್ನು ನಾನು ಹಿಂದೆ ಒಂದು ಸಲ ನೋಡಿದ್ದೆ, ಹಂಪಾಪುರದಲ್ಲಿ, ಇನ್ನೊಬ್ಬರ ಬೆನ್ನಿನಲ್ಲಿ.

ಕೈ ಹೊರಗೆ ತೆಗೆದೆ. ಕತ್ತಿ ತೊಳೆಯಲು ಬಿಸಿನೀರು ಕೇಳಿದೆ.